ಹಸಿರು ಹಾವು, ದೊಡ್ಡ ಕಣ್ಣು

ಹಾಡು ಅರ್ಧಕ್ಕೇ ನಿಂತಿತು. ನ್ಯೇವು ತಲೆಯೆತ್ತಿದಳು. ಕಳ್ಳು ಇಳಿಸಲು ತೆಂಗಿನಮರ ಹತ್ತಿದಾಗಲೆಲ್ಲ ಅವಳ ಗಂಡ ತ್ಸುಮಾ ಗಟ್ಟಿಯಾಗಿ ಹಾಡುತ್ತಿದ್ದ. ಗರಿಗಳ ನಡುವೆ ಏನಾದರೂ ಮಲಗಿದ್ದರೆ ಅದಕ್ಕೆ ಸರಿದುಕೊಳ್ಳಲು ಪುರುಸೊತ್ತು ಸಿಗಲಿ ಎಂದು. ಈಗ ಮೇಲೆ ಹಾಡು ಇರಲಿಲ್ಲ. ಜಗ್ಗಾಟವಿತ್ತು, ಒಂದು ಬೈಗುಳ, ಕತ್ತಿ ಮರಕ್ಕೆ ಬಡಿದ ಸದ್ದು. ಆಮೇಲೆ ಹಸಿರು ಹಗ್ಗದಂಥದ್ದು ಬಿಚ್ಚಿಕೊಳ್ಳುತ್ತ ಬಂದು ಅವಳ ಕಾಲ ಬಳಿ ಮರಳಿಗೆ ಬಿತ್ತು.

ಕತ್ತು ಅರ್ಧ ಕಡಿದುಹೋಗಿತ್ತು. ಬಾಲ ಮಾತ್ರ ಇನ್ನೂ ಮರಳನ್ನು ಗೀರುತ್ತಿತ್ತು.

"ಮಾಂಬಾ!" ಪಕ್ಕದ ಕಳ್ಳಿನ ಚಪ್ಪರದಲ್ಲಿ ಕೂತಿದ್ದವರು ಎದ್ದು ನಿಂತರು. ತ್ಸುಮಾ ಮರವನ್ನು ತಬ್ಬಿಕೊಂಡು ಸರಸರನೆ ಇಳಿದ. ತೋರುಬೆರಳಿನಿಂದ ಸ್ವಲ್ಪವೇ ರಕ್ತ.

"ಕಚ್ಚಿ ಬಿಡಬೇಕಲ್ವಾ? ಬಾಯಲ್ಲಿಟ್ಕೊಂಡು ಅಗೀತಾ ಇತ್ತು ದರಿದ್ರದ್ದು. ಎಳೆದು ಕೀಳಬೇಕಾಯ್ತು," ಎಂದ.

ಯಾರೂ ಹತ್ತಿರ ಹೋಗಲಿಲ್ಲ. ಹಸಿರು ಮಾಂಬಾ ಕಚ್ಚಿದವನು ಮರದ ಬುಡದಿಂದ ಮನೆಯವರೆಗೂ ನಡೆಯುವುದಿಲ್ಲ ಎಂಬುದು ಕರಾವಳಿಯ ಆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನಿಗೆ ಚಾಪೆಯ ಮೇಲೆ ಕೂರಲು ಹೇಳಿ ಸುತ್ತ ನಿಂತು ಕಾದರು. ಬಾಡಿಗೆಯ ಬೋಡಾ ಬೈಕು ಓಡಿಸುವ ಚಾರೊ ಮಾತ್ರ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ನಾಲಿಗೆ ದಪ್ಪ ಆಗ್ತಿದೆಯೇನೋ?"

"ಇಲ್ಲ."

"ರೆಪ್ಪೆ ಬೀಳ್ತಿದೆಯಾ?"

"ನಿನ್ನ ಮುಖ ನೋಡಿದ್ರೆ ತಾನಾಗೇ ಮುಚ್ಕೊಳ್ತವೆ. ಒಂದು ಬುರುಡೆ ಕಳ್ಳು ಕೊಡು ಮಾರಾಯ."

ಮರದ ನೆರಳು ಚಾಪೆ ದಾಟಿ ಹೋಯಿತು. ತ್ಸುಮಾ ಸಾಯಲಿಲ್ಲ. ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ.

"ನಿನ್ನ ಕಳ್ಳು ಕುಡಿದು ಹಾವಿಗೇ ತಲೆ ತಿರುಗಿರಬೇಕು ಬಿಡು!"

ತ್ಸುಮಾನ ತಾಯಿ ಮೆತ್ಸುಮಾ ಎದೆಯ ಮೇಲಿನ ಕೈ ಈಗ ತೆಗೆದಳು. "ಹುಲ್ಲುಹಾವು ಕಣ್ರೋ, ಅಷ್ಟೇ. ನನ್ನ ಜೀವ ಹೋಗಿ ಬಂತು." ಮನೆಯ ಹಿಂದೆ ತೀರಿಕೊಂಡ ಹಿರಿಯರ ಹೆಸರಲ್ಲಿ ನೆಟ್ಟಿದ್ದ ಕಂಬಗಳ ಬುಡಕ್ಕೆ ಅವಳೇ ಕಳ್ಳು ಎರೆದು, ಮಗನನ್ನು ಉಳಿಸಿಕೊಟ್ಟಿರಿ ಎಂದು ಕೈಮುಗಿದಳು.

ನ್ಯೇವು ನಗಲಿಲ್ಲ. ಅವಳು ಹಾವನ್ನೇ ನೋಡುತ್ತಿದ್ದಳು. ತವರಲ್ಲಿ ನೀರಿನ ಮಡಕೆಯ ತಂಪಿಗೆ ಬರುತ್ತಿದ್ದ ಹುಲ್ಲುಹಾವುಗಳನ್ನು ಅವಳು ಎಷ್ಟೋ ಸಲ ಕಡ್ಡಿಯಿಂದ ಎತ್ತಿ ಆಚೆ ಹಾಕಿದ್ದಳು. ಅವುಗಳ ಮೈ ನುಣುಪು. ಇದರ ಮೈ ಒರಟು, ಚಾಪೆಯ ಹೆಣಿಗೆಯ ಹಾಗೆ. ತಲೆ ಮೊಂಡು. ಆ ಪುಟ್ಟ ತಲೆಗೆ ಎಲ್ಲಿಂದಲೋ ತಂದು ಕೂರಿಸಿದಂಥ ದೊಡ್ಡ ಕಣ್ಣು. ಸತ್ತ ಮೇಲೂ ಅದು ಅವಳನ್ನೇ ನೋಡುತ್ತಿರುವಂತಿತ್ತು.

ಹೇಳಬೇಕೆನಿಸಿತು. ಆದರೆ ಗಂಡಸರ ಮುಂದೆ ಬಾಯಿಬಿಟ್ಟು ಅಭ್ಯಾಸವಿಲ್ಲದವಳು. ಮದುವೆಯಾಗಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಸುಟ್ಟುಹಾಕಿ ಎಂದು ಅತ್ತೆ ಹೇಳಿದಾಗ ಸೌದೆ ತರುವ ನೆಪದಲ್ಲಿ ಹಾವನ್ನು ಕೋಲಿನಿಂದ ಹಳೆಯ ಸೋರೆಬುರುಡೆಯೊಳಗೆ ತಳ್ಳಿ, ಬಾಯಿಗೆ ಬಟ್ಟೆ ತುರುಕಿದಳು. ಒಳಗೆ ಏನೋ ಸರಿದಂತಾಯಿತು.

ಸಂಜೆ ತ್ಸುಮಾ ಎಂದಿನಂತೆ ಮೆಕ್ಕೆಜೋಳದ ಸಿಮಾ ಮುದ್ದೆಯನ್ನು ಒಣಮೀನಿನ ಸಾರಿಗೆ ಅದ್ದಿ ಉಂಡ. ಉಳಿದ ಕಳ್ಳನ್ನು ಬಗ್ಗಿಸಿ, ಬುರುಡೆಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ತಳ ತಟ್ಟಿದ. ಒಂದು ಹನಿ ಉಳಿದರೂ ಮರುದಿನದ ಕಳ್ಳು ಹುಳಿಯಾಗುತ್ತದೆ. ನ್ಯೇವು ಅವನ ಬೆರಳು ನೋಡಿದಳು. ಒಣಗಿತ್ತು.

ಬೆಳಿಗ್ಗೆ ಅವನು ಬೇಲಿಯ ಬಳಿ ಕೂತು ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಉಗಿದದ್ದು ಕೆಂಪಗಿತ್ತು. ಬಾಯಿ ಮುಕ್ಕಳಿಸಿ ಮತ್ತೆ ಉಗಿದ, ಮತ್ತೂ ಕೆಂಪು.

"ಕಡ್ಡಿ ಚುಚ್ಚಿರಬೇಕು," ಎಂದ. ಹಲ್ಲುಗಳ ಸುತ್ತ ಯಾರೋ ಕೆಂಪು ದಾರ ಎಳೆದಂತಿತ್ತು. ಬೆರಳೂ ಮತ್ತೆ ಒಸರುತ್ತಿತ್ತು.

ನ್ಯೇವು ಅತ್ತೆಯ ಬಳಿ ಹೋದಳು. "ಅತ್ತೆ, ಆಸ್ಪತ್ರೆಗೆ ಕರ್ಕೊಂಡು ಹೋಗಣ. ಅದು ಹುಲ್ಲುಹಾವಲ್ಲ. ಅದರ ಕಣ್ಣು..."

"ಎಲ್ಲರೂ ನನ್ನ ಮಗನ್ನ ನೋಡ್ತಿದ್ರೆ ಇವಳು ಹಾವಿನ ಕಣ್ಣು ನೋಡ್ತಾ ಕೂತಿದ್ದಳಂತೆ!" ಮೆತ್ಸುಮಾ ರೇಗಿದಳು. "ಹಿರಿಯರಿಗೆ ಎರೆದು ಆಯ್ತು. ಈಗ ಆಸ್ಪತ್ರೆಗೆ ಓಡಿದ್ರೆ ಅವರ ಮುಖಕ್ಕೆ ಹೊಡೆದ ಹಾಗಲ್ವಾ? ಅವರು ಕೈ ಬಿಟ್ರೆ ಏನು ಮಾಡ್ತೀಯ?" ದನಿ ಜೋರಾಗಿತ್ತು, ಆದರೆ ಅವಳ ಕಣ್ಣು ಬೇಲಿಯ ಬಳಿಯ ಕೆಂಪಿನ ಮೇಲೇ ಇತ್ತು.

ನ್ಯೇವು ಹಾವಿದ್ದ ಬುರುಡೆ ಎತ್ತಿಕೊಂಡು ರಸ್ತೆಗೆ ಹೋಗಿ ಚಾರೊನ ಬೈಕಿನ ಹಿಂದೆ ಕೂತುಬಿಟ್ಟಳು. "ಅಣ್ಣ, ಆಸ್ಪತ್ರೆಗೆ. ಹಾವು ತೋರಿಸಿ ಬರ್ತೀನಿ."

ಚಾರೊ ಬುರುಡೆ ನೋಡಿದ, ಅವಳ ಮುಖ ನೋಡಿದ. ಆಮೇಲೆ ಬೇಲಿಯ ಕಡೆ ತಿರುಗಿ ಕೂಗಿದ: "ಲೋ ತ್ಸುಮಾ! ನಿನ್ನ ಹೆಂಡ್ತಿ ನನ್ನ ಹಿಂದೆ ಕೂತು ಊರು ದಾಟ್ತಾಳಂತೆ. ನೀನು ಆರಾಮಾಗಿ ಹಲ್ಲುಜ್ಜು!"

ತ್ಸುಮಾ ಕಡ್ಡಿ ಎಸೆದು ಬಂದು ಇಬ್ಬರ ನಡುವೆ ತುರುಕಿಕೊಂಡು ಕೂತ.

ದಾರಿಯುದ್ದಕ್ಕೂ ಬುರುಡೆ ಅವನ ಬೆನ್ನಿಗೂ ಅವಳ ಹೊಟ್ಟೆಗೂ ನಡುವೆ ಸಿಕ್ಕಿಕೊಂಡಿತ್ತು. ಪ್ರತಿ ಗುಂಡಿಗೂ ಒಳಗಿನದು ಜಾರಿ ಅವಳ ಹೊಟ್ಟೆಗೆ ತಟ್ಟುತ್ತಿತ್ತು. ಬಟ್ಟೆಯ ಮೇಲೊತ್ತಿದ ಅಂಗೈಯನ್ನು ಅವಳು ತೆಗೆಯಲಿಲ್ಲ. ತ್ಸುಮಾನ ಅಂಗಿಯ ಭುಜದ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು, ಇನ್ನೊಂದು ಮೂಡಿತು. ಅವನ ಮೂಗಿನಿಂದ ಗಾಳಿಗೆ ಹಾರಿ ಬರುತ್ತಿದ್ದವು.

ಆಸ್ಪತ್ರೆಯಲ್ಲಿ ನರ್ಸಮ್ಮ ಅವನ ತೋಳಿನಿಂದ ಸ್ವಲ್ಪ ರಕ್ತ ತೆಗೆದು ಗಾಜಿನ ಕೊಳವೆಗೆ ಹಾಕಿ, ಯಾರೂ ಮುಟ್ಟಬೇಡಿ ಎಂದು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದಳು. ಎಷ್ಟೋ ಹೊತ್ತಾದ ಮೇಲೆ ಬಂದು ಬಾಗಿಸಿದಳು. ಹೆಪ್ಪುಗಟ್ಟಬೇಕಿದ್ದ ರಕ್ತ ಆಗ ತಾನೇ ಇಳಿಸಿದ ಕಳ್ಳಿನಂತೆ ಸಲೀಸಾಗಿ ಹರಿಯಿತು.

ಹಾವು ಕಚ್ಚಿದವರು ಬಂದಾಗಲೆಲ್ಲ ಆಸ್ಪತ್ರೆಯವರು ಬಾಯಾ ಎಂಬವನನ್ನು ಕರೆಸುತ್ತಿದ್ದರು. ಮನೆಗಳಿಗೆ ನುಗ್ಗಿದ ಹಾವು ಹಿಡಿಯುವುದು ಅವನ ಕೆಲಸ. ಅವನು ಬುರುಡೆಯನ್ನು ಬಟ್ಟಲೊಂದಕ್ಕೆ ಬಗ್ಗಿಸಿ, ಇಕ್ಕಳದಿಂದ ತಲೆ ತಿರುಗಿಸಿದ. ಬಾಯಿ ಬಿಡಿಸಿ ಹಿಂದಿನ ಹಲ್ಲು ನೋಡಿದ.

"ಬೂಮ್‌ಸ್ಲ್ಯಾಂಗ್," ಎಂದ ಕೊನೆಗೆ. "ನಮ್ಮವರು ಇದಕ್ಕೆ ಬೇರೆ ಹೆಸರೇ ಇಟ್ಟಿಲ್ಲ. ಹಸಿರಾಗಿದ್ರೆ ಮಾಂಬಾ, ಕಚ್ಚಿಸ್ಕೊಂಡೋನು ಬದುಕಿದ್ರೆ ಹುಲ್ಲುಹಾವು. ಮಾಂಬಾ ಈ ಸಮುದ್ರದ ಅಂಚಲ್ಲೇ ಇರೋದು. ಇದು ಇಲ್ಲಿಂದ ದಕ್ಷಿಣದ ತುದಿವರೆಗೂ ಇದೆ. ಒಂದೇ ಮರ, ಒಂದೇ ಬಣ್ಣ, ಆದರೆ ಕುಲ ಬೇರೆ, ತಾಯಿ. ಮಾಂಬಾ ಉಸಿರು ನಿಲ್ಲಿಸುತ್ತೆ. ಇದಕ್ಕೆ ಆತುರ ಇಲ್ಲ, ರಕ್ತ ನೀರು ಮಾಡುತ್ತೆ."

"ಔಷಧಿ?" ನ್ಯೇವು ಕೇಳಿದಳು.

"ಇಲ್ಲಿರೋದು ಮಾಂಬಾಗೆ, ನಾಗರಕ್ಕೆ. ಇದಕ್ಕೆ ನಾಟೋದಿಲ್ಲ. ಇದರದ್ದು ನೈರೋಬಿಯಲ್ಲಿ ಒಬ್ಬರ ಹತ್ರ ಇರಬಹುದು. ಫೋನ್ ಮಾಡ್ತೀನಿ. ಅಲ್ಲೀವರೆಗೂ ಅವನು ಅಲ್ಲಾಡಬಾರದು, ಹಲ್ಲುಜ್ಜಬಾರದು, ಎಲ್ಲೂ ಒಂದು ಗೀರೂ ಆಗಬಾರದು."

ತ್ಸುಮಾ ಮಲಗಿದ. ಮರ ಹತ್ತಿ ಒರಟಾದ ಅವನ ಕೈಯನ್ನು ಹಿಡಿಯಲೂ ಅವಳಿಗೆ ಭಯ; ಒತ್ತಿದರೆ ಎಲ್ಲಿ ಒಡೆಯುತ್ತದೋ. ಚರ್ಮದಡಿ ನೀಲಿ ಕಲೆಗಳು ತಾವಾಗೇ ಮೂಡುತ್ತಿದ್ದವು.

"ಕಂಬಕ್ಕೆ ಎರೆದ ಕಳ್ಳು ಹುಳಿಯಾಗಿತ್ತೇನೋ," ಎಂದು ನಗಲು ನೋಡಿದ.

"ಮಾತಾಡ್ಬೇಡಿ. ತುಟಿ ಬಿರಿಯುತ್ತೆ."

ಔಷಧಿ ಬಂದದ್ದು ಮರುದಿನ ಮಧ್ಯಾಹ್ನ, ಐಸಿನ ಡಬ್ಬಿಯಲ್ಲಿ. ಅದು ಹನಿಹನಿಯಾಗಿ ಅವನ ತೋಳಿಗೆ ಇಳಿಯುವುದನ್ನು ಬಾಗಿಲಲ್ಲಿ ನಿಂತು ಮೆತ್ಸುಮಾ ನೋಡಿದಳು. ಯಾವಾಗ ಬಂದಳೋ ಯಾರೂ ಗಮನಿಸಿರಲಿಲ್ಲ. ನರ್ಸಮ್ಮ ಮತ್ತೆ ರಕ್ತ ತೆಗೆದು ಕಿಟಕಿಯಲ್ಲಿಟ್ಟಳು. ಬಾಗಿಸಿದಳು. ಹರಿಯಿತು. ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಂದು ಕೊಳವೆ ಇಟ್ಟುಹೋದಳು. ಹೊರಗೆ ಹೆರಿಗೆಯ ಗಲಾಟೆಯಲ್ಲಿ ಅದನ್ನು ಮರೆತಳು.

ತ್ಸುಮಾ ಕಣ್ಣು ಮುಚ್ಚಿದ್ದ. ಅತ್ತೆ ಸೊಸೆ ಇಬ್ಬರೂ ಕೊಳವೆಯನ್ನೇ ನೋಡುತ್ತ ಕೂತಿದ್ದರು.

"ನೀನೇ ನೋಡು," ಎಂದಳು ಮೆತ್ಸುಮಾ, ಪಿಸುದನಿಯಲ್ಲಿ.

ನ್ಯೇವು ಎದ್ದು ಅದನ್ನು ಎತ್ತಿಕೊಂಡಳು. ಮೆಲ್ಲಗೆ ಬಾಗಿಸಿದಳು. ಇನ್ನೂ ಬಾಗಿಸಿದಳು. ಆಮೇಲೆ ಪೂರಾ ತಲೆಕೆಳಗು ಮಾಡಿ, ಅಡಿಗೆ ಅಂಗೈ ಒಡ್ಡಿ, ತಳವನ್ನು ಬೆರಳಿನಿಂದ ಒಮ್ಮೆ ತಟ್ಟಿದಳು.

ಅಂಗೈ ಒಣಗಿಯೇ ಇತ್ತು.