ಬೆನ್ನು ಸಿಗುವ ಮಾತು

ನನ್ನ ಗಂಡನಿಗೆ ಲಕ್ವ ಹೊಡೆದು ಮಾತು ನಿಂತಾಗ ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ನನಗೆ ಬಂದದ್ದು ಮಾತ್ರ ಸಿಟ್ಟು. ನಿಲ್ಲುವುದಕ್ಕೆ ಬೇರೆ ಯಾರ ಮಾತೂ ಸಿಗಲಿಲ್ಲವೇ? ಎದುರುಮನೆಯಾಕೆ ಇದ್ದಾಳೆ, ಬಾಯಿ ತೆರೆದರೆ ಚಾಡಿ. ಅವಳ ನಾಲಗೆ ಇವತ್ತಿಗೂ ಗಿರಣಿಯ ಹಾಗೆ ಓಡುತ್ತಿದೆ. ನಿಂತುಹೋದದ್ದು ಇವರದು.

ಇವರು ಬಸ್ ಕಂಡಕ್ಟರ್. ಬಾಗಿಲಲ್ಲಿ ನೇತಾಡಿಕೊಂಡು, "ರೇಷ್ಮೆ ಉಟ್ಟೋರು ನಿಧಾನಕ್ಕೆ ಬನ್ನಿ, ಹತ್ತಿ ಉಟ್ಟೋರು ಬೇಗ ಹತ್ತಿ!" ಎಂದು ಕೂಗುತ್ತಿದ್ದರು. ಕೆಲವರು ಆ ಮಾತು ಕೇಳುವುದಕ್ಕೆಂದೇ ಮೊದಲ ಬಸ್ಸು ಬಿಟ್ಟು ಇವರ ಬಸ್ಸಿಗೆ ಕಾಯುತ್ತಿದ್ದರಂತೆ. ಮನೆಗೆ ಬಂದರೆ ಕೇಳುವುದಕ್ಕೆ ನಾನೊಬ್ಬಳೇ. ನಾನು ದರ್ಜಿ, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಯಾರದಾದರೂ ಅಳತೆ ತೆಗೆಯುವಾಗ ಬಾಗಿಲಿಗೆ ಒರಗಿ ನಿಂತು, "ಊರವರನ್ನೆಲ್ಲ ಅಳೀತೀಯ, ನಾನು ಸತ್ತರೆ ಅಳ್ತೀಯೇನೇ?" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ನಾನು ಬೆನ್ನು ತಿರುಗಿಸುತ್ತಿದ್ದೆ.

ಬೆನ್ನು ತಿರುಗಿಸುವುದು ಇವರ ಮನೆಯ ಪದ್ಧತಿ, ನನ್ನ ಕೊಬ್ಬಲ್ಲ. ಅದನ್ನು ಶುರು ಮಾಡಿದವರು ನಮ್ಮ ಅತ್ತೆ. ಮಾವನವರಿಗೂ ಇದೇ ಚಾಳಿ ಇತ್ತು. ಪುಸ್ತಕದಲ್ಲಿ ಅದಕ್ಕೆ ಶ್ಲೇಷೆ ಅಂತಾರಂತೆ. ಅತ್ತೆ 'ಎರಡು ಜೇಬಿನ ಮಾತು' ಎನ್ನುತ್ತಿದ್ದರು. ನಕ್ಕರೆ ಗಂಡಸರು ಉಬ್ಬಿಹೋಗುತ್ತಾರೆ ಎಂದು ಅವರು ನಗದೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಮಕ್ಕಳೂ ಅದನ್ನೇ ಕಲಿತರು. ಬರಬರುತ್ತಾ ಅದೇ ಒಂದು ಕಾಯಿದೆಯಾಯಿತು. ಮಾತು ಒಳ್ಳೆಯದಿದ್ದರೆ ಎಲ್ಲರೂ ಬೆನ್ನು ತಿರುಗಿಸಬೇಕು, ಆಡಿದವನು "ತಪ್ಪಾಯ್ತು" ಅನ್ನುವವರೆಗೂ ಈ ಕಡೆ ತಿರುಗಬಾರದು. ಸಪ್ಪೆ ಮಾತಿಗೆ, ಕದ್ದ ಮಾತಿಗೆ, ಹಳಸಿದ ಮಾತಿಗೆ ಬೆನ್ನಿಲ್ಲ. ಆ ಮನೆಯಲ್ಲಿ ಬೆನ್ನು ಸಿಕ್ಕರೆ ಪಾಸಾದ ಹಾಗೆ. ನನ್ನ ಬೆನ್ನು ಸಿಕ್ಕಿದ ದಿನ ಇವರು ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದರು.

ಈಗ ಇವರು ಆಸ್ಪತ್ರೆಯ ವ್ಯಾಯಾಮದ ವಾರ್ಡಿನಲ್ಲಿ, ಗೋಡೆಗೆ ಹತ್ತಿದ ಮಂಚದ ಮೇಲೆ ಸೂರು ನೋಡಿಕೊಂಡು ಮಲಗಿದ್ದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

"ನೋಡಿ ಅಮ್ಮ, ನಾವು ಹೇಳಿದ್ದು ಅವರಿಗೆ ತಿಳಿಯುತ್ತೆ ಅನ್ನೋದಕ್ಕೆ ಒಂದಾದ್ರೂ ಗುರುತು ಬೇಕು. ತಿಳಿಯೋ ಹಾಗಿದ್ರೆ ಕಲಿಸಬಹುದು. ಸೋಮವಾರ ಬಂದು ನೋಡ್ತೀನಿ. ಏನೂ ಇಲ್ಲ ಅಂದ್ರೆ ಮೇಲಿನ ಮಹಡಿಗೆ ಕಳಿಸಬೇಕಾಗುತ್ತೆ."

ಮೇಲಿನ ಮಹಡಿಯನ್ನು ನಾನು ನೋಡಿ ಬಂದಿದ್ದೆ. ಅಲ್ಲಿ ನರ್ಸುಗಳು ಒಳ್ಳೆಯವರೇ, ಹೊತ್ತು ಹೊತ್ತಿಗೆ ಉಣಿಸುತ್ತಾರೆ, ಒರೆಸುತ್ತಾರೆ. ಆದರೆ ಯಾರಿಗೂ ಯಾರೂ ಏನನ್ನೂ ಕಲಿಸುವುದಿಲ್ಲ. ಸದ್ದು ತೆಗೆದ ಟಿವಿಯೊಂದು ಗೋಡೆಯ ಮೇಲೆ ಓಡುತ್ತಿತ್ತು. ಇವರನ್ನು ಅಲ್ಲಿಗೆ ಹಾಕಿದರೆ ಬದುಕಿದ್ದೂ ಸತ್ತ ಹಾಗೆ.

ಮಾತು ಕಲಿಸುವ ಹುಡುಗಿಯೊಬ್ಬಳು ದಿನಾ ಬರುತ್ತಿದ್ದಳು. ಲೋಟದ ಚಿತ್ರ, ಬೀಗದ ಚಿತ್ರ ಎಲ್ಲ ತೋರಿಸಿ ಸೋತು, ಒಂದು ದಿನ ನನ್ನನ್ನೇ ಕೇಳಿದಳು. "ಇವರಿಗೆ ತುಂಬಾ ಇಷ್ಟ ಯಾವುದು?"

"ಎರಡು ಜೇಬಿನ ಮಾತು," ಎಂದು ಅದೇನೆಂದು ಬಿಡಿಸಿ ಹೇಳಿದೆ.

"ಹಾಗಾದ್ರೆ ನೀವೇ ಆಡಿ."

"ನಂಗೆ ಬರಲ್ಲಮ್ಮ. ನಾನು ಕೇಳಿದೋಳೇ ಹೊರತು ಆಡಿದೋಳಲ್ಲ."

"ಬರದೇ ಇದ್ರೆ ಕಲೀರಿ," ಎಂದು ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಕಲಿಯುವುದು ಹೇಗೆ? ಕಷ್ಟ ಬಂದಾಗ ಕತ್ತೆ ಕಾಲೂ ಹಿಡಿಯಬೇಕು ಅಂತಾರೆ. ಕಾಲು ಹಿಡಿಯುವುದು ಎಷ್ಟೋ ಸುಲಭ. ಹೊಲಿಯುತ್ತಾ ಕೂತು ಬಾಯಿಗೆ ಬಂದ ಮಾತನ್ನೆಲ್ಲ ಬಟ್ಟೆಯ ಹಾಗೆ ಒಳಹೊರಗು ಮಾಡಿ ನೋಡಿದೆ. ಮೊದಲು ಸಿಕ್ಕಿದ್ದು, "ಇಸ್ತ್ರಿ ಮಾಡೋ ಸ್ತ್ರೀ ನಾನು." ಆಸ್ಪತ್ರೆಗೆ ಹೋಗಿ ಇವರ ಕಿವಿಯ ಹತ್ತಿರ ಅದನ್ನೇ ಹೇಳಿದೆ. ಇವರು ಸೂರು ನೋಡುತ್ತಲೇ ಇದ್ದರು. ಪಕ್ಕದ ಮಂಚದವನು ಕೆಮ್ಮಿದ. ನನಗೆ ನಾಚಿಕೆಯಾಗಿ ಎದ್ದುಬಂದೆ.

ಮಾರನೆಯ ದಿನ ಸೂಜಿ ಕಳೆದುಕೊಂಡು ನೆಲವೆಲ್ಲ ತಡಕಾಡಿ, ಕೊನೆಗೆ ಸಿಕ್ಕಾಗ ನನಗೆ ಅರಿವಿಲ್ಲದೆಯೇ "ಸೂಜಿ ಸಿಕ್ಕಿದ್ದೇ ಸೋಜಿಗ" ಎಂದುಬಿಟ್ಟೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ. ಗಂಡ ಹಾಸಿಗೆ ಹಿಡಿದಿರುವಾಗ ನಗುವ ಹೆಂಗಸು ಎಂಥವಳು ಎಂದು ನನಗೇ ಹೆದರಿಕೆಯಾಯಿತು. ಆದರೂ ಖುಷಿಯಾದದ್ದು ನಿಜ. ಇಷ್ಟು ವರ್ಷ ಇವರು ಒಬ್ಬರೇ ಉಣ್ಣುತ್ತಿದ್ದ ಊಟದಲ್ಲಿ ನನಗೂ ಒಂದು ತುತ್ತು ಸಿಕ್ಕ ಹಾಗಾಯಿತು. ಅಲ್ಲಿಂದ ಶುರು. ತರಕಾರಿಯವನ ಮುಂದೆ, ನಲ್ಲಿಯ ಮುಂದೆ, ಬಸ್ಸಿನಲ್ಲಿ, ಎಲ್ಲ ಕಡೆಯೂ ಮಾತುಗಳು ಇಬ್ಭಾಗವಾಗಿ ಕಾಣತೊಡಗಿದವು.

ಆ ಸಂಜೆ ಇವರ ಅಂಗಿ ಬಿಚ್ಚಿ ಆಸ್ಪತ್ರೆಯ ನಿಲುವಂಗಿ ಹಾಕಿದ್ದರು. ನಾನು ಬಗ್ಗಿ, "ಅಂಗೀನೂ ಬಿಚ್ಚಿಸಿಬಿಟ್ರಲ್ಲ ರೀ, ಇನ್ನು ನಿಮಗೆ ಯಾರ ಹಂಗೂ ಇಲ್ಲ," ಎಂದೆ.

ಇವರು ನನ್ನನ್ನೇ ನೋಡಿದರು. ಆಮೇಲೆ ಎಡಗೈಯಿಂದ ಗೋಡೆಯ ಕಡೆಯ ಕಂಬಿ ಹಿಡಿದು, ಉಸಿರು ಬಿಗಿಹಿಡಿದು, ಬಿದ್ದ ಕೈಕಾಲನ್ನೂ ಎಳೆದುಕೊಂಡು ಗೋಡೆಗೆ ಮುಖ ಮಾಡಿದರು. ಭುಜ ಮುಟ್ಟಿದೆ, ತಿರುಗಲಿಲ್ಲ. "ಬೇಜಾರಾಯ್ತಾ ರೀ?" ಎಂದೆ, ತಿರುಗಲಿಲ್ಲ. ರಾತ್ರಿ ನರ್ಸು ಬಂದು, ನಾನೇ ಮಗ್ಗುಲು ಮಾಡಿದ್ದೇನೆಂದುಕೊಂಡು, ಮತ್ತೆ ಅಂಗಾತ ಮಲಗಿಸಿದಳು.

ಗೋಡೆಗೆ ಮುಖ ಮಾಡುವುದೆಂದರೆ ಏನು ಅಂತ ನನಗೆ ಗೊತ್ತು. ನಮ್ಮಪ್ಪ ಕೊನೆಗಾಲದಲ್ಲಿ ಹಾಗೇ ಮಾಡಿದ್ದರು. ಇವರಿಗೆ ಬದುಕು ಸಾಕಾಗಿದೆ, ನನ್ನ ಮುಖ ನೋಡುವುದೂ ಬೇಡವಾಗಿದೆ ಎಂದುಕೊಂಡೆ. ಇವರು ಬಾಳೆಲ್ಲ ಆಡಿಕೊಂಡು ಬಂದದ್ದನ್ನು ನಾನು ಗಿಣಿಯ ಹಾಗೆ ಒದರಿ ಅಣಕಿಸಿದ ಹಾಗಾಗಿರಬೇಕು. ಆದರೂ ಬಿಡುವ ಹಾಗಿರಲಿಲ್ಲ, ಸೋಮವಾರ ಹತ್ತಿರ ಬರುತ್ತಿತ್ತು. ಸೂಜಿ ಸೋಜಿಗದ ಮಾತು ಹೇಳಿದೆ, ಗೋಡೆಗೆ ತಿರುಗಿದರು. "ದರ್ಜಿಯ ಬದುಕಿಗೆ ದಾರಾನೇ ಆಧಾರ" ಎಂದೆ, ಮತ್ತೆ ಗೋಡೆಗೆ. "ಕಾಫಿ ಕಾಪಾಡುತ್ತೆ" ಎಂದ ದಿನ ಮಾತ್ರ ತಿರುಗಲಿಲ್ಲ. ಆವತ್ತು ಸಿಟ್ಟು ಇಳಿದಿದೆ ಎಂದು ನೆಮ್ಮದಿಯಾಗಿ ಮನೆಗೆ ಹೋದೆ.

ವ್ಯಾಯಾಮ ಮಾಡಿಸುವವನು, "ಎಷ್ಟು ಹೇಳಿದ್ರೂ ತಾವಾಗಿ ಮಗ್ಗುಲು ತಿರುಗೋದೇ ಇಲ್ಲಮ್ಮ," ಎಂದು ಕೈಚೆಲ್ಲಿದಾಗ ನಾನು ಬಾಯಿ ಬಿಡಲಿಲ್ಲ. ಏನಂತ ಹೇಳಲಿ? ಹೆಂಡತಿಯ ಮುಖ ನೋಡಬಾರದು ಅಂತಿದ್ದರೆ ತಿರುಗುತ್ತಾರಪ್ಪಾ ಎಂದು ಹೇಳಲೇ? ಭಾನುವಾರ ನಾನು ಏನೂ ಆಡಲಿಲ್ಲ. ಇವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹೊದಿಕೆ ಸರಿಮಾಡಿ ಎದ್ದುಬಿಟ್ಟೆ. ಕಾರಿಡಾರಿನ ಬೆಂಚಿನ ಮೇಲೆ ಕೂತರೆ ಅಳು ಕೂಡ ಬರಲಿಲ್ಲ, ಒಣಗಿ ಹೋಗಿದ್ದೆ.

ಸೋಮವಾರ ಬೆಳಿಗ್ಗೆ ಇವರ ಅಕ್ಕ ಬಂದರು. ಡಾಕ್ಟರು ಆಗಲೇ ಒಳಗಿದ್ದರು. ಬಾಗಿಲ ಹೊರಗೇ ನಿಂತು ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

"ನಿನ್ನ ಮುಖ ನೋಡೋಕೆ ಯಾಕೆ ಬೇಡ ಅವನಿಗೆ? ಯಾವಾಗ ತಿರುಗ್ತಾನೆ?"

"ನಾನು ಎರಡು ಜೇಬಿನ ಮಾತು ಆಡಿದಾಗ ಅಕ್ಕ."

"ಆಡಿದಾಗೆಲ್ಲ?"

"ಇಲ್ಲ. ಒಂದೆರಡಕ್ಕೆ ತಿರುಗಲಿಲ್ಲ."

"ಯಾವುದಕ್ಕೆ?"

ಹೇಳಿದೆ. ಅಕ್ಕ ಮುಖ ಕಿವುಚಿದರು. "ಥೂ, ಸಪ್ಪೆ! ಅದಕ್ಕೆ ನಾನೂ ತಿರುಗ್ತಿರಲಿಲ್ಲ." ಆಮೇಲೆ ನನ್ನ ಎರಡೂ ಭುಜ ಹಿಡಿದರು. "ಲೇ ಹುಚ್ಚಿ, ಅವನು ನಿಂಗೆ ಬೆನ್ನು ಕೊಟ್ಟಿದಾನೆ ಕಣೇ! ಪಾಸು ಮಾಡಿದಾನೆ!"

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೆನ್ನು ತೋರಿಸಿಯೇ ಗೊತ್ತು ನನಗೆ. ಒಂದು ಸಲವೂ ಅಂಥ ಮಾತು ಆಡಿದವಳಲ್ಲ, ಎದುರಿಗಿನವರ ಬೆನ್ನು ಕಂಡವಳಲ್ಲ. ಕಂಡಾಗ ಗುರುತೇ ಹತ್ತಲಿಲ್ಲ.

ಒಳಗೆ ಓಡಿದೆವು. ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. "ಕೈ ಎತ್ತಿ ಅಂದೆ, ಕಣ್ಣು ಮುಚ್ಚಿ ಅಂದೆ. ಏನೂ ಇಲ್ಲಮ್ಮ."

"ಒಂದು ನಿಮಿಷ ಡಾಕ್ಟ್ರೇ, ನಿಮ್ಮ ದಮ್ಮಯ್ಯ," ಎಂದು ಮಂಚದ ಹತ್ತಿರ ಹೋದೆ. ತಲೆ ಖಾಲಿ. ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಕೊನೆಗೆ ಬಾಯಿಗೆ ಬಂದದ್ದು, "ಊರವರನ್ನೆಲ್ಲ ಅಳೆದೋಳು ಈಗ ನಿಮ್ಮ ಮುಂದೆ ನಿಂತು ಅಳ್ತೀನಿ ಕಣ್ರೀ."

ಇವರು ಅಲುಗಲಿಲ್ಲ. ಕಣ್ಣು ಮಾತ್ರ ಸ್ವಲ್ಪ ಕಿರಿದಾಯಿತು. ಡಾಕ್ಟರು ನಿಟ್ಟುಸಿರು ಬಿಟ್ಟು ಬಾಗಿಲ ಕಡೆ ಹೊರಟರು.

"ಅದು ಅವನದೇ ಮಾಲಲ್ವೇನೇ!" ಅಕ್ಕ ಕಿರುಚಿದರು. "ಹಳಸಲಿಗೆ ಅವನ್ಯಾಕೆ ತಿರುಗ್ತಾನೆ? ಹೊಸದು ಹೇಳು!"

ಹೊಸದು! ನಾನು ಹುಚ್ಚಿಯ ಹಾಗೆ ಸುತ್ತ ನೋಡಿದೆ. ದಿಂಬು, ಲೋಟ, ಕಿಟಕಿ, ಯಾವುದರಲ್ಲೂ ಎರಡನೆಯ ಜೇಬಿಲ್ಲ. ಡಾಕ್ಟರ ಬಿಳಿ ಕೋಟು ನನ್ನ ಮುಂದೆಯೇ ಹಾದುಹೋಗುತ್ತಿತ್ತು. ಎದೆಯ ಹತ್ತಿರ ಒಂದು ಗುಂಡಿ ಕಿತ್ತು ದಾರ ಮಾತ್ರ ನೇತಾಡುತ್ತಿತ್ತು. ದರ್ಜಿಯ ಕಣ್ಣು ಅಲ್ಲಿ ನಿಂತಿತು. ನಾನು ಡಾಕ್ಟರ ತೋಳು ಹಿಡಿದು ಎಳೆದುಕೊಂಡು ಬಂದು ಇವರ ಮುಂದೆ ನಿಲ್ಲಿಸಿದೆ.

"ನೋಡ್ರೀ ಇವರನ್ನ! ತಮ್ಮ ಕೋಟಿಗೇ ಗುಂಡಿ ಇಲ್ಲ, ನಿಮ್ಮ ಗುಂಡಿಗೆ ನೋಡೋಕೆ ಬಂದಿದಾರೆ!"

ಇವರು ನನ್ನನ್ನು ನೋಡಿದರು, ಡಾಕ್ಟರ ಎದೆಯ ಮೇಲಿನ ದಾರ ನೋಡಿದರು. ಆಮೇಲೆ ಎಡಗೈ ನಿಧಾನವಾಗಿ ಕಂಬಿ ಹುಡುಕಿತು. ಹಣೆಯಲ್ಲಿ ಬೆವರು ಒಡೆಯಿತು. ಒಂದು ಸಲ ಕೈ ಜಾರಿತು, ಮತ್ತೆ ಹಿಡಿದರು. ಭುಜ ಎದ್ದಿತು, ಸೊಂಟ ತಿರುಗಿತು, ಬಿದ್ದ ಕಾಲು ಹಿಂದೆಯೇ ಬಂತು. ನಿಲುವಂಗಿಯ ಕಟ್ಟು ಬಿಚ್ಚಿಹೋಗಿ ಇವರ ಬೆನ್ನು ಪೂರ್ತಿಯಾಗಿ ನನ್ನ ಎದುರಿಗಿತ್ತು.

ಅಕ್ಕನನ್ನು ನೋಡಿದರೆ ಅವರೂ ಕಿಟಕಿಗೆ ಮುಖ ಮಾಡಿ ನಿಂತಿದ್ದರು. ಭುಜ ಕುಲುಕುತ್ತಿತ್ತು.

"ಇವರು ತಾವಾಗಿ ಯಾವಾಗಿಂದ ಮಗ್ಗುಲಾಗ್ತಿದಾರೆ?" ಡಾಕ್ಟರು ಪೆನ್ನು ಮತ್ತೆ ತೆಗೆದರು.

"ಅದು ಮಗ್ಗುಲಾಗೋದಲ್ಲ ಡಾಕ್ಟ್ರೇ," ಅಕ್ಕ ಕಿಟಕಿಯ ಕಡೆಯಿಂದಲೇ ಹೇಳಿದರು. "ನಮ್ಮ ಮನೇಲಿ ಅದಕ್ಕೆ ಶಹಭಾಸ್ ಅಂತಾರೆ. ಅವನಿಗೆ ಎಲ್ಲಾ ತಿಳಿಯುತ್ತೆ. ಹಳೇದು ಯಾವುದು, ಹೊಸದು ಯಾವುದು ಅನ್ನೋದೂ ತಿಳಿಯುತ್ತೆ."

ನನಗೆ ಆಗ ಅಳು ಬಂತು. ಡಾಕ್ಟರ ಮುಂದೆ, ಪಕ್ಕದ ಮಂಚದವನ ಮುಂದೆ ಮಾನ ಮರ್ಯಾದೆ ಬಿಟ್ಟು ಅತ್ತೆ. ಊರವರನ್ನೆಲ್ಲ ಅಳೆದವಳು ಅಳುತ್ತಾಳೋ ಇಲ್ಲವೋ ಎಂದು ಕೇಳುತ್ತಿದ್ದವರು ಗೋಡೆಗೆ ಮುಖ ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

"ಕಣ್ಣು ಪರೀಕ್ಷೆ ಮಾಡಬೇಕು, ಈ ಕಡೆ ತಿರುಗಿಸೋದು ಹೇಗೆ?" ಎಂದರು ಡಾಕ್ಟರು.

"ನಾನು ತಪ್ಪಾಯ್ತು ಅಂದ್ರೆ ತಿರುಗ್ತಾರೆ," ಎಂದೆ.

"ಹಾಗಾದ್ರೆ ಹೇಳಿಯಮ್ಮ."

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. "ಇರಿ ಡಾಕ್ಟ್ರೇ," ಎಂದೆ, "ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ."