ಇನ್ಶಿರಾಹ್ ಬರೆದ ಗೋಡೆ

"ಕಾಲಿನ ಕಡೆ ಎತ್ತಿ! ಎತ್ತಿ ಅಂದ್ರೆ! ಗೋಡೆಗೆ ತಾಗ್ತಾ ಇದೆ!"

ಮೂರನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹೆಗಲು ಕೊಟ್ಟವರಲ್ಲಿ ಎಲ್ಲರಿಗಿಂತ ಮುಂದಿದ್ದವನು ಸತ್ತ ಇನ್ಶಿರಾಹಳ ಗಂಡ ರಾಗಿಬ್. ಅಲೆಕ್ಸಾಂಡ್ರಿಯಾದ ಟ್ರಾಮು ಓಡಿಸಿಯೇ ಮುದುಕನಾದ ಅವನಿಗೆ ಇಕ್ಕಟ್ಟಿನ ತಿರುವುಗಳು ಹೊಸವಲ್ಲ. ಆದರೆ ಈ ತಿರುವಿನಲ್ಲಿ ಎರಡು ಹಳೆಯ ಫ್ರಿಜ್ಜುಗಳು ಅಕ್ಕಪಕ್ಕ ನಿಂತಿದ್ದವು. ಮೂರನೇ ಮಹಡಿಯ ನೆರೆಯವ, ಮುತವಲ್ಲಿ ಎಂಬ ಹೆಸರಿನವನು, ರಿಪೇರಿಗೆಂದು ತಂದು, ರಿಪೇರಿಯಾಗದೆ ಅಲ್ಲೇ ಬಿಟ್ಟವು.

"ಮುತವಲ್ಲೀ," ಎಂದ ರಾಗಿಬ್, ತಲೆ ತಿರುಗಿಸದೆ. "ಇವತ್ತಾದ್ರೂ ತೆಗೀತೀಯೋ, ಇಲ್ಲಾ ಅವಳೇ ಎದ್ದು ಬಂದು ಹೇಳ್ಬೇಕೋ?"

ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೆಳಗ್ಗಿನಿಂದ ಅತ್ತು ಅತ್ತು ಕಣ್ಣು ಕೆಂಪಾಗಿದ್ದ ಮುತವಲ್ಲಿ ಜನರನ್ನು ಸರಿಸಿಕೊಂಡು ಬಂದು ಒಂದು ಫ್ರಿಜ್ಜನ್ನು ತಬ್ಬಿ ತನ್ನ ಮನೆಯೊಳಕ್ಕೆ ಎಳೆಯತೊಡಗಿದ.

"ಅಯ್ಯೋ, ಒಳಗೆಲ್ಲಿ ಇಡ್ತೀರಿ ಅದನ್ನ?" ಎಂದು ಒಳಗಿನಿಂದ ಅವನ ಹೆಂಡತಿ ಕೂಗಿದಳು. "ನನ್ನ ತಲೆ ಮೇಲಾ?"

"ಮಂಚದ ಮೇಲಿಡ್ತೀನಿ! ದಾರಿ ಬಿಡೇ!"

ಎರಡನೆಯದೂ ಒಳಗೆ ಹೋಯಿತು. ಮುತವಲ್ಲಿ ಏದುಸಿರು ಬಿಡುತ್ತಾ ಹೊರಬಂದು ಪೆಟ್ಟಿಗೆಗೆ ಹೆಗಲು ಕೊಟ್ಟ. "ಪ್ರತಿ ಶುಕ್ರವಾರ ಬಂದು ಬೈತಿದ್ಲಪ್ಪ," ಎಂದು ಪಕ್ಕದವನಿಗೆ ಹೇಳಿದ. "'ಹೊಗೆ ಎದ್ದ ದಿನ ಇದರೊಳಗೇ ಕೂತ್ಕೋತೀಯಾ?' ಅಂತ ಕೇಳೋಳು. ನಾನು ನಗ್ತಿದ್ದೆ. ಬೈಯೋಕೆ ಇನ್ನು ಯಾರಿದ್ದಾರೆ ನಂಗೆ?"

"ಅಳೋದು ಆಮೇಲೆ. ಹೆಜ್ಜೆ ನೋಡಿ ಇಡು," ಎಂದ ರಾಗಿಬ್.

ಪೆಟ್ಟಿಗೆ ಸಲೀಸಾಗಿ ಇಳಿಯಿತು.

* * *

ಗಿರಣಿ, ಕಚೇರಿ, ಬ್ಯಾಂಕು, ಗೋದಾಮು, ಹೀಗೆ ಜನ ಒಟ್ಟಾಗಿ ದುಡಿಯುವ ಕಟ್ಟಡಗಳಿಗೆಲ್ಲ ಹೋಗಿ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂದು ತೋರಿಸುವ ನಕ್ಷೆ ಬರೆದು ಗೋಡೆಗೆ ಹಾಕುವುದು ಇನ್ಶಿರಾಹಳ ಕೆಲಸವಾಗಿತ್ತು. ನಿಶ್ಚಿತಾರ್ಥವಾದ ಹೊಸದರಲ್ಲೇ ರಾಗಿಬ್‌ಗೆ ಅದರ ರುಚಿ ಸಿಕ್ಕಿತ್ತು. ಅವಳನ್ನು ಮೊದಲ ಸಲ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಮಧ್ಯಂತರದಲ್ಲಿ ಎದ್ದುಹೋದವಳು ಮುಖ ಗಂಟಿಕ್ಕಿಕೊಂಡು ಬಂದಳು.

"ಏಳಿ, ಹೋಗೋಣ."

"ಯಾಕೆ? ಈಗ ತಾನೆ ಕತೆ ಬಿಸಿಯೇರ್ತಾ ಇದೆ."

"ಆ ಕಡೆ ಬಾಗಿಲಿಗೆ ಅಡ್ಡ ಸೋಡಾ ಪೆಟ್ಟಿಗೆ ಪೇರಿಸಿದ್ದಾರೆ. ತೆಗೀರಿ ಅಂದ್ರೆ ಮ್ಯಾನೇಜರು ಹಲ್ಲು ಕಿರೀತಾನೆ. ಬಿಸಿಯೇರೋ ಮುಂಚೆ ಹೊರಡೋಣ."

ಸಮುದ್ರದ ದಂಡೆಯಲ್ಲಿ ಸುಟ್ಟ ಜೋಳ ತಿನ್ನುತ್ತಾ ಅವನು ಕೇಳಿದ: "ಮದುವೆ ಆದ್ಮೇಲೂ ಹಿಂಗೇನಾ?"

"ಇನ್ನೂ ಜಾಸ್ತಿ," ಎಂದಳು ಅವಳು, ಹಲ್ಲಿಗೆ ಸಿಕ್ಕಿದ ಜೋಳ ತೆಗೆಯುತ್ತಾ.

ಆ ಸಿನಿಮಾ ಹೇಗೆ ಮುಗಿಯಿತೆಂದು ರಾಗಿಬ್‌ಗೆ ಇವತ್ತಿಗೂ ಗೊತ್ತಿಲ್ಲ.

* * *

ಮಧ್ಯಾಹ್ನದ ನಮಾಜು ಮುಗಿಸಿ ಕರ್ಮೂಜ್‌ನ ಗೋರಿಸ್ತಾನದಲ್ಲಿ ಮಣ್ಣು ಮಾಡಿದರು. ಜನ ಒಬ್ಬೊಬ್ಬರಾಗಿ ಕೈಹಿಡಿದು, "ಅವಳು ಬಿಟ್ಟುಹೋದ ಆಯುಷ್ಯ ನಿನಗೆ ಸೇರಲಿ" ಎಂದು ಹೇಳಿ ಹೋದರು. ಕೊನೆಗೆ ಗೇಟಿನ ಬಳಿ ರಾಗಿಬ್ ಮತ್ತು ಮುತವಲ್ಲಿ ಇಬ್ಬರೇ ಉಳಿದಾಗ, ಬೆರಳಿಗೆ ಹೊಲಿಗೆಯ ಅಂಗುಸ್ತಾನ ಹಾಕಿಕೊಂಡೇ ಬಂದಿದ್ದ ದಪ್ಪನೆಯ ಹೆಂಗಸೊಬ್ಬಳು ಮುಂದೆ ಬಂದಳು.

"ಚಿಕ್ಕಪ್ಪ, ನಾನು ಫತ್ಹಿಯಾ. ಈ ಗೋಡೆ ಆಚೆ ಅಂಗಿ ಕಾರ್ಖಾನೇಲಿ ಹೊಲಿಯೋಳು. ನಿಮ್ಮ ಬೀದೀಲಿರೋ ಹುಡುಗಿಯೊಬ್ಬಳು ನಮ್ಮಲ್ಲಿದ್ದಾಳೆ, ಅವಳಿಂದ ಗೊತ್ತಾಯ್ತು. ಅಕ್ಕನ ಮೇಲೆ ದೇವರ ಕರುಣೆ ಇರಲಿ."

"ಆ ಕಾರ್ಖಾನೆಯೇ?" ರಾಗಿಬ್ ಅವಳನ್ನು ದಿಟ್ಟಿಸಿದ. "ಕೆಲಸ ಕಳಕೊಂಡು ಬಂದ್ಲಲ್ಲ, ಆ ಕಾರ್ಖಾನೆ?"

"ಅದೇ."

"ಅವತ್ತು ಮೀನು ಕೊಂಡ್ಕೊಂಡು, ಹಾಡಿಕೊಂಡು ಮನೆಗೆ ಬಂದಿದ್ಲು. ತಲೆ ಕೆಟ್ಟಿದೆ ಅಂದ್ಕೊಂಡೆ."

* * *

ವರ್ಷಗಳ ಹಿಂದೆ, ಮೊದಲ ಭೇಟಿಯಲ್ಲಿ ಇನ್ಶಿರಾಹ್ ಆ ಕಾರ್ಖಾನೆಯ ಹೊಲಿಗೆ ಕೋಣೆಯನ್ನೆಲ್ಲ ಮೊದಲು ನಡೆದು ನೋಡಿದಳು, ಆಮೇಲೆ ಮೊಣಕಾಲೂರಿ ನೋಡಿದಳು. ಹೊಗೆಯಲ್ಲಿ ಯಾರೂ ನಿಂತುಕೊಂಡು ದಾರಿ ಹುಡುಕುವುದಿಲ್ಲ ಎಂಬುದು ಅವಳ ಲೆಕ್ಕ. ಹಿಂಬದಿಯ ಓಣಿಗೆ ತೆರೆಯುವ ಬಾಗಿಲಿಗೆ ತುಕ್ಕು ಹಿಡಿದ ಬೀಗ ಜೋತಾಡುತ್ತಿತ್ತು.

"ಅಲ್ಲಿಂದ ಅಂಗಿ ಕದ್ದು ಸಾಗಿಸ್ತಾರೆ," ಎಂದ ಮಾಲೀಕ ನಶಾತ್ ಬೇ. "ನೀವು ಸುಮ್ನೆ ಬಾಗಿಲು ಅಂತ ಬರೀರಿ. ತಪಾಸಣೆಗೆ ಬರೋರು ನಕ್ಷೆ ನೋಡ್ತಾರೆ, ಬೀಗ ನೋಡಲ್ಲ."

"ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಬೆಂಕಿ ಬಿದ್ದಾಗ ನೀವೆಲ್ಲಿರ್ತೀರಿ?"

"ಅದು ಹೇಗೆ ಹೇಳೋದು? ಮನೇಲಿರಬಹುದು."

"ಹಾಗಾದ್ರೆ ಅದು ಬಾಗಿಲಲ್ಲ, ಗೋಡೆ."

ಅವನು ತಮಾಷೆಯೆಂದುಕೊಂಡ. ಮುಂದಿನ ವಾರ ಅವಳು ಚೌಕಟ್ಟು ಹಾಕಿಸಿದ ನಕ್ಷೆಗಳನ್ನು ತಂದು, ಊಟದ ಹೊತ್ತಿನಲ್ಲಿ ತಾನೇ ಸ್ಕ್ರೂ ತಿರುಗಿಸಿ ಹಾಕಿದಳು. ಹಿಂಬಾಗಿಲು ಇರಬೇಕಾದಲ್ಲಿ ದಪ್ಪನೆಯ ಕಪ್ಪು ಗೆರೆ. ಹಸಿರು ಬಾಣಗಳೆಲ್ಲ ಮುಂಬದಿಯ ಒಂದೇ ಬಾಗಿಲಿನತ್ತ ಮುಖಮಾಡಿದ್ದವು.

ಆಗ ಬಸುರಿಯಾಗಿದ್ದ ಫತ್ಹಿಯಾ, ರೊಟ್ಟಿ ಅಗಿಯುತ್ತಲೇ ಹತ್ತಿರ ಬಂದಳು. "ಅಕ್ಕ, ಈ ಕೆಂಪು ಚುಕ್ಕೆ ಏನು?"

"ನೀನು."

ಫತ್ಹಿಯಾ ಚುಕ್ಕೆಯ ಮೇಲೆ ಬೆರಳಿಟ್ಟು ಬಾಣದ ಗುಂಟ ಸರಿಸಿದಳು. ಬೆರಳು ಅರ್ಧದಲ್ಲೇ ನಿಂತಿತು. "ಇದು ಇಸ್ತ್ರಿ ಕೋಣೆ. ಬಾಯ್ಲರ್ ಇರೋದು ಇಲ್ಲೇ. ಇದನ್ನ ದಾಟಿ ಹೋಗ್ಬೇಕಾ? ಇಲ್ಲೇ ಹತ್ತಿಕೊಂಡ್ರೆ?"

ಇನ್ಶಿರಾಹ್ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಳು. ಇನ್ನೊಬ್ಬಳು ಬಂದು ಬೆರಳಿಟ್ಟಳು, ಅವಳ ಹಿಂದೆ ಮತ್ತೊಬ್ಬಳು. ಗಂಟೆ ಬಾರಿಸಿತು. ಯಾರೂ ಮಿಷಿನ್ನಿಗೆ ಕೂರಲಿಲ್ಲ. ಮಿಷಿನ್ನುಗಳ ಆ ಮೌನವೇ ನಶಾತ್ ಬೇಯನ್ನು ಮೇಲಿನ ಕಚೇರಿಯಿಂದ ಕೆಳಕ್ಕೆ ಎಳೆದು ತಂದಿತು.

"ಏನಿದು ಬರೆದಿರೋದು?"

"ಇರೋದನ್ನ ಬರೆದಿದ್ದೀನಿ."

"ಈ ಊರಲ್ಲಿ ನಿಮಗೆ ಇನ್ನು ಕೆಲಸ ಸಿಗದ ಹಾಗೆ ಮಾಡ್ತೀನಿ."

"ಬೇರೆ ಊರಲ್ಲಿ ಮಾಡ್ಕೋತೀನಿ. ಈಗ ಕೀಲಿ ತನ್ನಿ. ಇವರ್ಯಾರೂ ಕೂರೋ ಹಾಗೆ ಕಾಣ್ತಿಲ್ಲ."

ಕೀಲಿ ತಿರುಗಲಿಲ್ಲ. ಕೊನೆಗೆ ಮೆಕ್ಯಾನಿಕ್ಕು ಸುತ್ತಿಗೆಯಿಂದ ಬೀಗ ಒಡೆದ. ಇನ್ಶಿರಾಹ್ ನಕ್ಷೆಗಳನ್ನೆಲ್ಲ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಮರುದಿನ, ಯಾರೂ ಕರೆಯದಿದ್ದರೂ, ಬಾಗಿಲಿರುವ ಹೊಸ ನಕ್ಷೆಗಳನ್ನು ತಂದು ಹಾಕಿದಳು. ನಶಾತ್ ಬೇ ಆಡಿದ ಮಾತಿಗೆ ತಪ್ಪಲಿಲ್ಲ. ಕೆಲವು ವರ್ಷ ಅವಳು ಬೆಳಗಿನ ರೈಲು ಹಿಡಿದು ದಮನ್ಹೂರ್‌ಗೂ ತಂತಾಕ್ಕೂ ಹೋಗಿ ದುಡಿದು ಬಂದಳು. ಒಮ್ಮೆಯೂ ಗೊಣಗಲಿಲ್ಲ.

* * *

"ಅಷ್ಟಾದ್ಮೇಲೆ ಅಲ್ಲಿ ಬೆಂಕಿ ಬಿತ್ತಾ ಯಾವತ್ತಾದ್ರೂ?" ಎಂದು ಮುತವಲ್ಲಿ ಫತ್ಹಿಯಾಳನ್ನು ಕೇಳಿದ.

"ದೇವರ ದಯೆ, ಇಲ್ಲ. ಕಡ್ಡಿ ಗೀರಿದಷ್ಟೂ ಇಲ್ಲ."

ರಾಗಿಬ್ ಗೋರಿಸ್ತಾನದತ್ತ ತಿರುಗಿ ನೋಡಿದ. "ಮತ್ತೆ ಆ ಬಾಗಿಲಿಗೋಸ್ಕರ ಅಷ್ಟೆಲ್ಲಾ..."

"ತೆಗೆದ ಬಾಗಿಲು ಸುಮ್ನೆ ಇರುತ್ತಾ ಚಿಕ್ಕಪ್ಪ? ಬನ್ನಿ, ಇಲ್ಲೇ ಇದೆ. ಒಂದು ಲೋಟ ನೀರು ಕುಡಿದು ಹೋಗಿ."

ಗೋಡೆಯ ಮೂಲೆ ತಿರುಗಿದರೆ ಓಣಿ. ಹಿಂದೆ ಕಸದ ರಾಶಿ ಬಿಟ್ಟು ಬೇರೇನೂ ಇರಲಿಲ್ಲವಂತೆ. ಈಗ ಸಿಹಿಗೆಣಸು ಸುಡುವವನ ಗಾಡಿ ಹೊಗೆಯಾಡುತ್ತಾ ನಿಂತಿತ್ತು. ಗೋಡೆಯುದ್ದಕ್ಕೂ ಯಾರೋ ಹಲಗೆಯ ಬೆಂಚು ಹಾಕಿದ್ದರು. ಒಬ್ಬಳು ಇನ್ನೊಬ್ಬಳ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ಕೆಲಸಕ್ಕೆ ಬಂದ ತಾಯಿಯ ಮೊಲೆಯುಣ್ಣಲೆಂದು ಮಗುವೊಂದನ್ನು ಅಜ್ಜಿ ಎತ್ತಿಕೊಂಡು ಬಂದಿದ್ದಳು. ಕಾರ್ಖಾನೆಯ ಹಿಂಬಾಗಿಲು ಗೋಡೆಗೆ ಒರಗುವಷ್ಟು ತೆರೆದಿತ್ತು.

 ರಾಗಿಬ್ ಆ ಬಾಗಿಲ ಹೊಸ್ತಿಲ ಮೇಲೆಯೇ ಕೂತ. ಫತ್ಹಿಯಾ ಕಾಗದದಲ್ಲಿ ಸುತ್ತಿದ ಬಿಸಿ ಗೆಣಸನ್ನು ಅವನ ಕೈಗೆ ಕೊಟ್ಟಳು.

ಒಳಗೆ ಪಾಳಿ ಮುಗಿದ ಗಂಟೆ ಹೊಡೆಯಿತು. ಹೆಗಲಿಗೆ ಚೀಲ ಹಾಕಿದ ಎಳೆಯ ಹುಡುಗಿಯೊಬ್ಬಳು ಅವನ ಬೆನ್ನ ಹಿಂದೆ ಬಂದು ನಿಂತಳು.

"ಚಿಕ್ಕಪ್ಪ, ಬಾಗಿಲಲ್ಲಿ ಕೂರ್ಬಾರ್ದು. ಏಳಿ."

"ಏ, ಬಾಯ್ಮುಚ್ಚೇ!" ಫತ್ಹಿಯಾ ಗದರಿದಳು. "ಇವರು ಯಾರು ಗೊತ್ತಾ ನಿಂಗೆ?"

"ಯಾರಾದ್ರೂ ಅಷ್ಟೇ. ದಾರಿ ಇದು."

ರಾಗಿಬ್ ಕೈಯೆತ್ತಿ ಫತ್ಹಿಯಾಳನ್ನು ಸುಮ್ಮನಾಗಿಸಿದ. ಚೌಕಟ್ಟು ಹಿಡಿದು ಎದ್ದು, ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತ. ಬಿಸಿ ಗೆಣಸನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದ ಅವನ ಮುಂದಿನಿಂದ ಹೆಂಗಸರು ಹರಟುತ್ತಾ, ನಗುತ್ತಾ, ತಲೆಗೆ ಅಂಟಿದ ನೂಲು ಕೊಡವಿಕೊಳ್ಳುತ್ತಾ, ಹೆಜ್ಜೆ ನಿಧಾನಿಸದೆ ಬಿಸಿಲಿಗೆ ಇಳಿದರು.