ಬೆನ್ನು ತಟ್ಟಿದರೆ ಏಳುವವಳು

೧
ಎಲ್ಲಿಂದ ಶುರು ಮಾಡಲಿ? ಹೊಳೆನರಸೀಪುರದ ಹೈಸ್ಕೂಲು ಮೈದಾನ, ೧೯೯೧, ಖೋ ಖೋ ಫೈನಲ್, ಶ್ರೀಗೌರಿಯ ಎರಡು ಜಡೆ ಗಾಳಿಯಲ್ಲಿ... (ಬೇಡ. ಧೂಳು ಕೂಡ ಸಿನಿಮಾದ ಧೂಳಿನ ಹಾಗೆ ಕಾಣುತ್ತಿದೆ. ಹೊಡೆದುಹಾಕಿದೆ.)

೩
(ಎರಡನೆಯದು ಅದಕ್ಕಿಂತ ಕೆಟ್ಟದಾಗಿತ್ತು, ಅದನ್ನೂ ಹೊಡೆದುಹಾಕಿದೆ.) ನೇರವಾಗಿ ಹೇಳುತ್ತೇನೆ. ಖೋ ಖೋದಲ್ಲಿ ಕೂತವರ ಬೆನ್ನು ತಟ್ಟಿ 'ಖೋ' ಅಂದರೆ ಥಟ್ಟನೆ ಎದ್ದು ಓಡಬೇಕು. ಹೈಸ್ಕೂಲೆಲ್ಲ ಆಡಿದ ಶ್ರೀಗೌರಿಯ ಮೈಗೆ ಅದು ಅಂಟಿಕೊಂಡಿತು. ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದ ಹೊಸತರಲ್ಲಿ ಗಂಡ ಗಿರಿಧರ ಹಿಂದಿನಿಂದ ಬೆನ್ನು ತಟ್ಟಿದ. ಊಟಕ್ಕೆ ಕೂತವಳು ಛಂಗನೆ ಎದ್ದು ನಿಂತಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮೊದಲು ತಮಾಷೆ, ಆಮೇಲೆ ಅನುಕೂಲ: ತಟ್ಟಿದರೆ ನೀರು, ತಟ್ಟಿದರೆ ಕಾಫಿ. ವರ್ಷಗಳು ಕಳೆದಂತೆ ಓಟ ಹೋಯಿತು, ಮೈ ಬಂತು, ಏಳುವುದೊಂದು ಉಳಿಯಿತು.

೨೦೦೩ರಲ್ಲಿ ಬಚ್ಚಲಲ್ಲಿ ಜಾರಿ ಅವಳ ಮಂಡಿ ಉಳುಕಿತು. "ಹೀಗೆ ಥಟ್ಟನೆ ಏಳ್ತಾ ಇದ್ರೆ ಕೋಲೇ ಗತಿ ಕಣಮ್ಮ" ಎಂದರು ಹಾಸನದ ಡಾಕ್ಟರು. ಆ ಸಂಜೆಯೇ ಗಿರಿಧರ ಮರೆತು ತಟ್ಟಿದ. ಎದ್ದಳು. ಕಿರುಚಿ ಬಿದ್ದಳು.

೪
ಇಲ್ಲಿ ನನಗೊಬ್ಬ ವಿಲನ್ ಬೇಕು. ಅತ್ತೆ ಕಾವೇರಮ್ಮ ಹೇಗೂ ಇದ್ದಾರೆ. 'ನಾಟಕ ಸಾಕು, ಏಳೇ' ಎಂದು ಅವರು...

"ನಾನ್ಯಾವಾಗ ಹಾಗಂದೆ?" ಕಾವೇರಮ್ಮ ನನ್ನ ಮೇಲೇ ಬಂದರು. "ಅತ್ತೆ ಅಂದ್ರೆ ಗಯ್ಯಾಳೀನೇ ಆಗ್ಬೇಕೇನಯ್ಯ? ನಡೆದದ್ದು ಬರಿ."

ನಡೆದದ್ದು: ಮರುದಿನ ಅವರೇ ಸೊಸೆಯ ಹಿಂದೆ ಕೂತು, ಬೆನ್ನು ತಟ್ಟಿ "ಏಳ್ಬೇಡ" ಅಂದರು. ಶ್ರೀಗೌರಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದರೂ ಅರ್ಧ ಎದ್ದಳು.

"ಆಗಲ್ಲ ಅತ್ತೆ, ಮೈ ತಾನೇ ಎದ್ಬಿಡತ್ತೆ."

"ನಂಗೂ ಹಾಗೇ ಕಣೇ. ನಿಮ್ಮಾವ ಕೆಮ್ಮಿದ್ರೆ ಏಳ್ತಿದ್ದೆ. ಅವರು ಹೋಗಿ ಎಷ್ಟೋ ಕಾಲ ಆಯ್ತು, ಬೀದೀಲಿ ಯಾರೋ ಕೆಮ್ಮಿದ್ರೂ ಈಗ್ಲೂ ಏಳ್ತೀನಿ. ಇಬ್ರೂ ಕಲಿಯೋಣ."

ಅಂದಿನಿಂದ ದಿನಾ ಮಧ್ಯಾಹ್ನ ಅತ್ತೆ ತಟ್ಟುವುದು, ಸೊಸೆ ಕೆಮ್ಮುವುದು, ಇಬ್ಬರೂ ಹಲ್ಲು ಕಚ್ಚಿ ಕೂತಿರುವುದು.

೫
ಮುಕ್ತಾಯ (ಅ): ಶ್ರೀಗೌರಿ ಮತ್ತೆ ಮೈದಾನದಲ್ಲಿ ಓಡುತ್ತಾಳೆ.
"ಸುಳ್ಳು ಬರೀಬೇಡಿ ಸಾರ್. ನನ್ನ ಮಂಡಿ ನಂಗೆ ಗೊತ್ತು."

ಮುಕ್ತಾಯ (ಆ): ಗಿರಿಧರ ಅತ್ತು ಕ್ಷಮೆ ಕೇಳುತ್ತಾನೆ.
"ಅವರು ಅಳೋ ಪೈಕಿ ಅಲ್ಲ." ಮತ್ತೆ ಶ್ರೀಗೌರಿಯೇ.

(ಇ): ಒಂದು ಸಂಜೆ ಗಿರಿಧರ ಪೇಪರ್ ಓದುತ್ತಲೇ ಬೆನ್ನು ತಟ್ಟಿದ. ಅವಳ ಭುಜ ತುಸು ಮೇಲೆದ್ದಿತು. ಮೈ ಏಳಲಿಲ್ಲ. ಕೂತೇ ಕೇಳಿದಳು: "ಏನು ಬೇಕಿತ್ತು?"

ಗಿರಿಧರ ಪೇಪರ್ ಮಡಚಿ ತಾನೇ ಅಡುಗೆಮನೆಗೆ ನಡೆದ.

"ನಂಗೂ ಒಂದು ಲೋಟ ಕಾಫಿ ಕಣೋ!" ಕಾವೇರಮ್ಮ ಕೂಗಿದರು.

ಶುಭಂ ಎಂದು ಬರೆಯಲು ಹೊರಟೆ. ಶ್ರೀಗೌರಿ ತಡೆದಳು. "ಅಷ್ಟು ಬೇಗ ಮುಗಿಸ್ಬೇಡಿ. ನಾಳೆ ಮರೆತು ಎದ್ರೂ ಎದ್ದೆ. ಆಮೇಲೆ ಕೂತ್ಕೋತೀನಿ."